ಚುಚ್ಚುಮದ್ದಿನ ಕೊಠಡಿಯಲ್ಲಿ ಇರುವೆಯ ಪ್ರಸ್ತಾಪ ಕುರಿತು

ಸಂಖ್ಯೆ: ಆಸ್ಪತ್ರೆ/ನೀತಿ/ಸೂಜಿ/ಇರುವೆ-2

ತಿದ್ದುಪಡಿ ಸುತ್ತೋಲೆ

ವಿಷಯ: ಸೂಜಿ ಚುಚ್ಚುವ ಮುನ್ನ ರೋಗಿಗಳಿಗೆ "ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ" ಎಂದು ಹೇಳುತ್ತಿರುವುದರ ಸತ್ಯಾಸತ್ಯತೆ.

ಉಲ್ಲೇಖ: ತತ್ವಶಾಸ್ತ್ರದ ಮೇಷ್ಟ್ರೊಬ್ಬರ ದೂರು (ಬಲತೋಳು ನೋಯುತ್ತಿದ್ದ ಕಾರಣ ಎಡಗೈಯಲ್ಲಿ ಬರೆದದ್ದು).

ಪ್ರಸ್ತಾವನೆ: ಕೊಠಡಿಯ ಹಿರಿಯ ದಾದಿ, ಎಲ್ಲರ ಬಾಯಲ್ಲಿ ಇರುವೆ ಸಿಸ್ಟರ್, ಸದರಿ ಮೇಷ್ಟ್ರಿಗೆ ಮೇಲ್ಕಂಡ ಮಾತು ಹೇಳಿ ಚುಚ್ಚಿದ್ದು, ನೋವು ಇರುವೆಯ ಮಟ್ಟವನ್ನು ಮೀರಿರುತ್ತದೆ. "ಸುಳ್ಳು ಹೇಳಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರೂ ಅದು ಮೋಸವೇ" ಎಂಬುದು ಅವರ ವಾದ. ಆದಕಾರಣ ಸಿಸ್ಟರನ್ನು ಹೊದಿಕೆ ಎಣಿಸುವ ಕೋಣೆಗೆ ವರ್ಗಾಯಿಸಿ, ಹಿಂದಿನ ಸುತ್ತೋಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿತ್ತು:

1. ಇನ್ನು ಮುಂದೆ ಸತ್ಯವನ್ನಷ್ಟೇ ಹೇಳತಕ್ಕದ್ದು. ಅನುಮೋದಿತ ವಾಕ್ಯ: "ಸೂಜಿ ಚುಚ್ಚಿದರೆ ಎಷ್ಟು ನೋಯಬೇಕೋ ಅಷ್ಟು ನೋಯುತ್ತದೆ."

2. ಇರುವೆಗೆ ಹೋಲಿಸಲೇಬೇಕಾದಲ್ಲಿ ಕಪ್ಪಿರುವೆಯೋ ಕೆಂಪಿರುವೆಯೋ ಕಟ್ಟಿರುವೆಯೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು.

3. ಇರುವೆಯಿಂದ ಎಂದೂ ಕಚ್ಚಿಸಿಕೊಳ್ಳದ ರೋಗಿಗೆ ಹೋಲಿಕೆ ತಿಳಿಯದಾದ್ದರಿಂದ, ಮೊದಲು ಒಂದು ಇರುವೆಯನ್ನು ಒದಗಿಸತಕ್ಕದ್ದು. ಕಚ್ಚಿಸಲು ರೋಗಿಯ ಒಪ್ಪಿಗೆ ಕಡ್ಡಾಯ. "ಏನೂ ಇಲ್ಲ, ಸೂಜಿ ಚುಚ್ಚಿದ ಹಾಗಾಗುತ್ತೆ" ಎಂದು ತಿಳಿಹೇಳಬಹುದು.

4. ಇರುವೆಯ ಒಪ್ಪಿಗೆಯ ಬಗ್ಗೆ ಉಪಸಮಿತಿಯಲ್ಲಿ ಒಮ್ಮತ ಮೂಡಿಲ್ಲ. ಮೂಡುವವರೆಗೆ ಇರುವೆಯನ್ನು ಒತ್ತಾಯಿಸಕೂಡದು.

ನಂತರದ ಬೆಳವಣಿಗೆ: ಅನುಮೋದಿತ ವಾಕ್ಯ ಕಿವಿಗೆ ಬಿದ್ದ ಕೂಡಲೇ ಮಕ್ಕಳು ಬೆಂಚಿನಡಿ ಸೇರಿದ್ದು, ಹಿಡಿದು ತರಲು ಹೋದ ಅಪ್ಪಂದಿರೂ ಹೊರಬಂದಿಲ್ಲ. ಇದೇ ವೇಳೆ ಸದರಿ ಸುತ್ತೋಲೆಯ ಪ್ರತಿಗಳಿಗೆ ಪಿನ್ನು ಹೊಡೆಯುವಾಗ ಅಧೀಕ್ಷಕರ ಬಲಗೈ ಬೆರಳಿಗೆ ತುಕ್ಕು ಪಿನ್ನು ಹೊಕ್ಕು, ಧನುರ್ವಾಯು ಚುಚ್ಚುಮದ್ದು ಅನಿವಾರ್ಯವಾಯಿತು. ಹೊಸ ದಾದಿ ಅನುಮೋದಿತ ವಾಕ್ಯವನ್ನು ಸ್ಪಷ್ಟವಾಗಿ ಓದಿದರು. ಅಧೀಕ್ಷಕರು ತೋಳು ಕೊಡಲೊಪ್ಪದೆ ಇರುವೆ ಸಿಸ್ಟರನ್ನು ಕರೆಸಿದರು. ನಡೆದ ಮಾತುಕತೆ ಯಥಾವತ್ತಾಗಿ:

"ಸಿಸ್ಟರ್, ಆ ಇರುವೆ ಮಾತು ಒಂದ್ಸಲ ಹೇಳಿಬಿಡಿ, ನಿಮಗೆ ಪುಣ್ಯ ಬರುತ್ತೆ."

"ಹೇಳೋ ಹಾಗಿಲ್ಲ ಸಾರ್, ನಿಮ್ದೇ ಆರ್ಡರು. ನೋಯುತ್ತೆ. ನಾನು ಕೈ ಹಿಡ್ಕೊಂಡಿರ್ತೀನಿ. ಅಂದಹಾಗೆ, ಮೊಮ್ಮಗಳಿಗೆ ಹಲ್ಲು ಬಂತಾ?"

ಬಂದಿದ್ದ ಎರಡು ಹಲ್ಲುಗಳ ವಿವರವನ್ನು ಅಧೀಕ್ಷಕರು ಸಲ್ಲಿಸುತ್ತಿರುವಾಗಲೇ ಸೂಜಿ ಹೋಗಿ ಬಂದಿತ್ತು. ನೋವಾಯಿತು, ಭಯವಾಗಲಿಲ್ಲ ಎಂದು ದಾಖಲಿಸಲಾಗಿದೆ.

ಆದೇಶ: ಖಂಡಿಕೆ 2ರಿಂದ 4 ರದ್ದು. ಇರುವೆ ಸಿಸ್ಟರನ್ನು ತಕ್ಷಣದಿಂದ ಮೂಲ ಕೊಠಡಿಗೆ ಮರಳಿಸಲಾಗಿದೆ. ಖಂಡಿಕೆ 1ರ ಕೊನೆಗೆ ಹೀಗೆ ಸೇರಿಸಿಕೊಳ್ಳತಕ್ಕದ್ದು: "ಸತ್ಯ ಹೇಳುವವರು ಕೈಯನ್ನೂ ಹಿಡಿದುಕೊಳ್ಳತಕ್ಕದ್ದು."

(ಸಹಿ, ಎಡಗೈಯಿಂದ)
ಅಧೀಕ್ಷಕರು

ಪ್ರತಿಗಳು:
ಹೊದಿಕೆ ಕೋಣೆಗೆ, ಎಣಿಕೆಯನ್ನು ಅರ್ಧಕ್ಕೇ ಬಿಡುವ ಸಲುವಾಗಿ.
ಬೆಂಚಿನಡಿ ಇರುವ ಅಪ್ಪಂದಿರಿಗೆ, ಹೊರಬರುವ ಸಲುವಾಗಿ.
ಇರುವೆಗಳ ಮಾಹಿತಿಗಾಗಿ, ಕ್ಯಾಂಟೀನಿನ ಸಕ್ಕರೆ ಡಬ್ಬಿಯ ಪಕ್ಕ ಅಂಟಿಸುವುದು.
ದೂರುದಾರ ಮೇಷ್ಟ್ರಿಗೆ: ಎರಡನೇ ಡೋಸಿಗೆ ಆ ಸಿಸ್ಟರೇ ಬೇಕು, ಇರುವೆ ಮಾತನ್ನೂ ಹೇಳಿದರೆ ಒಳ್ಳೆಯದು ಎಂಬ ತಮ್ಮ ಮನವಿಯ ಮೊದಲ ಭಾಗವನ್ನು ಮಾತ್ರ ಪುರಸ್ಕರಿಸಲಾಗಿದೆ.