ಟ್ಯಾಂಕಿನೊಳಗಿನ ಉಂಗುರ

ಉಲ್ಲಾಸನ ಪಿಕಪ್ಪಿನಲ್ಲಿ ಡೀಸೆಲ್ ಎಷ್ಟಿದೆ ಎಂದು ತೋರಿಸಬೇಕಾದ ಮುಳ್ಳು ಕೆಟ್ಟು ಕೂತಿತ್ತು. ಇಷ್ಟೆಲ್ಲ ರಗಳೆಗೆ ಮೂಲ ಆ ಮುಳ್ಳೇ. ಗಾಡಿ ಎಂಬತ್ತಮೂರನೇ ಇಸವಿಯದು, ಉಲ್ಲಾಸನಿಗಿಂತ ಎರಡು ವರ್ಷ ಹಿರಿಯದು. ಮಾಗೋಡಿನ ಕಡೆಯ ಕೆರಿಯಪ್ಪ ಎಂಬವರಿಂದ ಹೋದ ವರ್ಷ ಕೊಂಡು ಸಿದ್ದಾಪುರಕ್ಕೆ ತಂದಿದ್ದ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅವನ ಉದ್ಯೋಗ. ಸಾಮಾನು ಹೇರಿ ಹೊರಡುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಸಪೂರ ಕೋಲು ಇಳಿಬಿಟ್ಟು, ಎಷ್ಟು ಒದ್ದೆಯಾಯಿತು ಎಂದು ನೋಡುವುದು ಅವನ ರೂಢಿ. ಟ್ಯಾಂಕಿನ ಬಾಯಿ ಅಂಗೈ ತೂರುವಷ್ಟು ಅಗಲ. ಅದರ ಜಾಲರಿ ಯಾವ ಕಾಲದಲ್ಲೋ ಕಿತ್ತುಹೋಗಿತ್ತು.

ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಗೇ ಕೋಲು ಹಾಕಿ ನೋಡಿದ. ಅರ್ಧ ಟ್ಯಾಂಕ್ ಇತ್ತು. ಸಮಾಧಾನದಿಂದ ಕೈ ಒರೆಸಿಕೊಳ್ಳುತ್ತ ಬೆರಳು ನೋಡಿಕೊಂಡರೆ, ಉಂಗುರ ಇಲ್ಲ!

ಅದು ಅಂತಿಂಥ ಉಂಗುರವಲ್ಲ. ಮದುವೆಯಲ್ಲಿ ಹಾಕಿದ ಉಂಗುರವನ್ನು ಮೂರೇ ತಿಂಗಳಲ್ಲಿ ಹೊಳೆಯಲ್ಲಿ ಈಜಲು ಹೋಗಿ ಕಳೆದುಕೊಂಡು ಬಂದ ಮಹಾನುಭಾವ ಈ ಉಲ್ಲಾಸ. ಆಮೇಲೆ ಹೆಂಡತಿ ರೋಹಿಣಿ ಊರವರ ರವಿಕೆ ಹೊಲಿದು, ಮೂರು ವರ್ಷ ಉಳಿಸಿ, ಎರಡನೆಯದನ್ನು ಮಾಡಿಸಿದ್ದಳು. ಮೇಲೆ 'ರೋ' ಎಂದು ಕೆತ್ತಿಸಿದ್ದಳು. ತೊಡಿಸುವಾಗ ಹೇಳಿದ್ದು ಒಂದೇ ಮಾತು. "ಇದನ್ನೂ ಕಳೆದ್ರೆ ನನ್ನನ್ನೂ ಕಳ್ಕಂಡೆ ಅಂತ ತಿಳ್ಕಳಿ." ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಈಚೆಗೆ ಬೆರಳು ಸೊರಗಿ ಉಂಗುರ ಸಡಿಲವಾಗಿತ್ತು. ದಾರ ಸುತ್ತಿ ಹೇಗೋ ನಿಲ್ಲಿಸಿಕೊಂಡಿದ್ದ.

ಉಲ್ಲಾಸ ಬಚ್ಚಲಿಗೆ ಓಡಿದ. ಗೂಡಿನಲ್ಲಿ ಸಾಬೂನು ಬಿಟ್ಟು ಬೇರೇನೂ ಇರಲಿಲ್ಲ. ಹಾಸಿಗೆ ಕೊಡವಿದ, ಅಂಗಳವನ್ನೆಲ್ಲ ಬಗ್ಗಿ ನೋಡಿದ. ರೋಹಿಣಿ ದಾರ, ಅಸ್ತರಿನ ಬಟ್ಟೆ ತರಲು ಎಂಟರ ಬಸ್ಸಿಗೆ ಶಿರಸಿಗೆ ಹೋಗಿದ್ದಳು. ಬರುವುದು ನಾಲ್ಕಕ್ಕೆ. ಫೋನ್ ಮಾಡಿ ಕೇಳೋಣವೆಂದರೆ ಕಳೆದದ್ದನ್ನು ತಾನೇ ಒಪ್ಪಿಕೊಂಡಂತೆ.

ಅವನು ಗಾಡಿಯಡಿ ತೆವಳುತ್ತಿರುವಾಗ ಪಕ್ಕದ ಮನೆಯ ಸೀತಮ್ಮ ಕಂಪೌಂಡಿನ ಮೇಲಿಂದ ಇಣುಕಿದರು. ಓಣಿಯಲ್ಲಿ ಅವರು ಇಣುಕದ ಅಂಗಳವೇ ಇಲ್ಲ.

"ಎಂತ ಹುಡುಕ್ತಾ ಇದ್ಯ ಉಲ್ಲಾಸ?"

"ಎಂತ ಇಲ್ಲ ಸೀತಕ್ಕ, ಉಂಗುರ..." ಎಂದವನು ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ಅಯ್ಯೋ ದೇವರೇ! ಹಂಗಾದ್ರೆ ಆ ಟಣ್ ಅಂದಿದ್ದು ಅದೇಯ!"

"ಯಾವ ಟಣ್?"

"ನೀ ಟ್ಯಾಂಕಿಗೆ ಕೋಲು ಹಾಕಿದ್ಯಲ್ಲ, ಆವಾಗ ಒಳಗೆ ಟಣ್ ಅಂತು. ನಾ ಇಲ್ಲಿ ತುಳಸಿಗೆ ನೀರು ಹಾಕ್ತಾ ಇದ್ದೆ. ಕಿವಿಯಾರೆ ಕೇಳಿದ್ದೆ!"

ಉಲ್ಲಾಸನಿಗೆ ಯಾವ ಟಣ್ಣೂ ಕೇಳಿರಲಿಲ್ಲ. ಆದರೆ ಎದುರಿನವರು ಅಷ್ಟು ಖಡಾಖಂಡಿತವಾಗಿ ಹೇಳುವಾಗ ತನ್ನ ಕಿವಿಯನ್ನು ನಂಬುವ ಧೈರ್ಯ ಯಾರಿಗಿರುತ್ತದೆ ಹೇಳಿ? ಅವನು ಟ್ಯಾಂಕಿನ ಬಾಯಿಗೆ ಕಣ್ಣಿಟ್ಟು ನೋಡಿದ. ಒಳಗೆ ಕತ್ತಲೆ, ಡೀಸೆಲಿನ ಘಾಟು.

ಮೆಕ್ಯಾನಿಕ್ ರಾಘುವಿಗೆ ಫೋನ್ ಮಾಡಿದ. ರಾಘು ಯಲ್ಲಾಪುರದಲ್ಲಿ ಯಾರದೋ ಲಾರಿಯಡಿ ಮಲಗಿದ್ದ. "ನಾಳೆ ಬಂದು ಟ್ಯಾಂಕ್ ಇಳ್ಸಿಕೊಡ್ತೆ. ಉಂಗುರ ಎಲ್ಲಿಗೆ ಹೋಗ್ತದೆ?" ಎಂದು ನಕ್ಕುಬಿಟ್ಟ. ಉಂಗುರ ಎಲ್ಲಿಗೂ ಹೋಗುವುದಿಲ್ಲ, ನಿಜ. ರೋಹಿಣಿ ಹೋಗುತ್ತಾಳಲ್ಲ!

ಅಷ್ಟರಲ್ಲಿ ಸೀತಮ್ಮನ ಬಾಯಿಂದ ಸುದ್ದಿ ಓಣಿ ದಾಟಿತ್ತು. ಎದುರುಮನೆಯ ವಿಘ್ನೇಶ್ವರ ಹೆಗಡೆ ಅರ್ಧ ಗಡ್ಡ ಬೋಳಿಸಿಕೊಂಡವರು ಹಾಗೇ ಟವೆಲ್ಲು ಹೆಗಲಿಗೇರಿಸಿ ಬಂದರು.

"ಹೆದರಡ. ಆನು ಇಪ್ಪತ್ತೆಂಟು ವರ್ಷ ಬಸ್ ಡಿಪೋದಲ್ಲಿ ಕೆಲಸ ಮಾಡಿದವ," ಎಂದರು. ಮಾಡಿದ್ದು ಪಾಸು ಬರೆದುಕೊಡುವ ಕೆಲಸ ಎಂಬುದನ್ನು ಅವರೂ ಹೇಳುವುದಿಲ್ಲ, ಓಣಿಯವರೂ ಕೇಳುವುದಿಲ್ಲ. "ಟ್ಯಾಂಕ್ ಇಳಿಸದು ಎಂತಕ್ಕೆ? ಒಂದು ಅಯಸ್ಕಾಂತ ದಾರಕ್ಕೆ ಕಟ್ಟಿ ಬಿಟ್ರೆ ಸೈ, ತಾನಾಗೇ ಬರ್ತು."

ತಮ್ಮ ಮನೆಯ ಹಳೇ ರೇಡಿಯೋದ ಅಯಸ್ಕಾಂತವನ್ನೇ ತಂದು ಇಳಿಬಿಟ್ಟರು. ಅದು ಒಳಗೆ ಹೋದದ್ದೇ ಟ್ಯಾಂಕಿನ ಗೋಡೆಗೆ ಕಚ್ಚಿಕೊಂಡಿತು. ಎಳೆದರೆ ದಾರ ಮಾತ್ರ ಮೇಲೆ ಬಂತು.

ಓಣಿಯ ತುದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿರುವ ಚನ್ನಬಸವ ಇದನ್ನೆಲ್ಲ ನೋಡುತ್ತ ನಿಂತಿದ್ದ. ಬನವಾಸಿ ಕಡೆಯವನು, ಮಾತು ನೇರ. "ಚಿನ್ನ ಎಂದಾರ ಅಯಸ್ಕಾಂತಕ್ಕ ಹತ್ತತೈತೇನ್ರಿ ಹೆಗಡೇರ?"

"ಅದು ಗೊತ್ತಿದ್ದು. ಮೊದಲು ಕಬ್ಬಿಣದ ಕಸ ತೆಗೆಯಲೆ ಬಿಟ್ಟಿದ್ದು," ಎಂದರು ವಿಘ್ನೇಶ್ವರ, ಚೂರೂ ಅಳುಕದೆ.

"ಟ್ಯಾಂಕ್ ಇಳಸಾಕ ಬೇಕ್ರಿ ಉಲ್ಲಾಸಣ್ಣ. ಪಾನಾ ತರ್ತೀನಿ, ತಡೀರಿ," ಎಂದು ಚನ್ನಬಸವ ಸ್ಪ್ಯಾನರ್ ತರಲು ಅಂಗಡಿಗೆ ಹೋದ.

ಗಂಟೆ ಹನ್ನೊಂದಾಗಿತ್ತು. ಮೊದಲು ಡೀಸೆಲ್ ಖಾಲಿ ಮಾಡಬೇಕು. ತಳದ ಬೋಲ್ಟು ಬಿಚ್ಚಿದರೆ ಹಿಡಿಯುವುದು ಎಲ್ಲಿ? ಮನೆಯ ಬಕೆಟ್ಟುಗಳಲ್ಲಿ ರೋಹಿಣಿ ಬಟ್ಟೆ ನೆನೆಹಾಕಿ ಹೋಗಿದ್ದಳು. ಉಳಿದದ್ದು ನಾಳೆ ಸೋಂದಾದ ಗೃಹಪ್ರವೇಶಕ್ಕೆ ಹೋಗಬೇಕಿದ್ದ ಪಾಯಸದ ಕೊಪ್ಪರಿಗೆ. ಉಲ್ಲಾಸ ಬೇಡವೆನ್ನುವಷ್ಟರಲ್ಲಿ ವಿಘ್ನೇಶ್ವರ ಅದನ್ನು ಎಳೆದು ಗಾಡಿಯಡಿ ತಳ್ಳಿದ್ದರು. ಡೀಸೆಲ್ ದಳದಳನೆ ಕೊಪ್ಪರಿಗೆಗೆ ಬಿತ್ತು. ನಾಳೆಯ ಪಾಯಸದ ಗತಿ ನೆನೆದು ಉಲ್ಲಾಸ ಕಣ್ಣು ಮುಚ್ಚಿಕೊಂಡ. ಆದರೆ ನಾಳೆಯ ಚಿಂತೆ ಮಾಡಲು ಇವತ್ತು ಮುಗಿಯಬೇಕಲ್ಲ.

"ಎರಡು ಸಲ ಟಣ್ ಅಂದಿತ್ತು," ಎಂದರು ಸೀತಮ್ಮ, ಸ್ಟೂಲು ಹಾಕಿ ಕೂತು. ಅಕ್ಕಪಕ್ಕದವರು ಬಂದು ಕೇಳಿದಂತೆಲ್ಲ ಅವರ ಸಾಕ್ಷಿ ಬೆಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಉಂಗುರ ಬೆರಳಿಂದ ಜಾರಿ ಮಿಣಕ್ಕನೆ ಮಿಂಚಿ ಒಳಗೆ ಬಿದ್ದದ್ದನ್ನು ಅವರು ಕಣ್ಣಾರೆ ಕಂಡೇಬಿಟ್ಟಿದ್ದರು.

ಟ್ಯಾಂಕನ್ನು ಹೊತ್ತಿದ್ದದ್ದು ಎರಡು ಕಬ್ಬಿಣದ ಪಟ್ಟಿ. ಅವುಗಳ ಬೋಲ್ಟುಗಳು ನಲವತ್ತು ವರ್ಷದ ತುಕ್ಕು ತಿಂದು ಗಾಡಿಯ ಮೈಯೊಂದಿಗೆ ಒಂದಾಗಿಹೋಗಿದ್ದವು. ಚನ್ನಬಸವ ಸೀಮೆಎಣ್ಣೆ ಹೊಯ್ದ, ಸುತ್ತಿಗೆಯಿಂದ ಬಡಿದ, ಪಾನಾಕ್ಕೆ ಪೈಪು ತೂರಿಸಿ ಜಗ್ಗಿದ. ಅಡಿಯಲ್ಲಿ ಮಲಗಿದ್ದ ಉಲ್ಲಾಸನ ಕಣ್ಣು ಬಾಯಿಗೆಲ್ಲ ತುಕ್ಕಿನ ಪುಡಿ ಸುರಿಯಿತು. ಒಂದು ಗಂಟೆಗೆ ಒಂದು ಪಟ್ಟಿ ಬಿಟ್ಟಿತು.

"ಟ್ಯಾಂಕಿನಡಿ ಕುರ್ಚಿ ಒಟ್ಟಿ ಇಡವು. ಡಿಪೋದಲ್ಲಿ ಹಂಗೇ ಮಾಡದು," ಎಂದರು ವಿಘ್ನೇಶ್ವರ.

ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಅಡ್ಡ ಮಲಗಿಸಿ ಒಂದರ ಮೇಲೊಂದು ಒಟ್ಟಿದರು. ಎರಡನೇ ಪಟ್ಟಿ ಯಾರೂ ಎಣಿಸದ ಗಳಿಗೆಯಲ್ಲಿ ಫಟ್ಟನೆ ತುಂಡಾಯಿತು. ಟ್ಯಾಂಕ್ ಕುರ್ಚಿಗಳನ್ನು ಅಪ್ಪಚ್ಚಿ ಮಾಡಿ ಉಲ್ಲಾಸನ ಎದೆಯ ಮೇಲೆ ಬಂದು ಕೂತಿತು.

"ಬಂತು! ಬಂತು!" ಎಂದು ಓಣಿಯೆಲ್ಲ ಚಪ್ಪಾಳೆ ತಟ್ಟಿತು.

"ಮೊದ್ಲು ನನ್ನ ತೆಗೀರಿ ಮಾರಾಯ್ರೆ!" ಒಳಗಿಂದ ಉಲ್ಲಾಸ ಕೂಗಿದ.

ಅವನನ್ನು ಎಳೆದರು, ಟ್ಯಾಂಕನ್ನು ಎಳೆದರು, ಪೈಪು ಬಿಚ್ಚಿ ವಾಯರು ಕಳಚಿದರು. ನಾಲ್ಕು ಜನ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಳಗಳ ಎಂದಿತು. ಸೀತಮ್ಮ ಗೆದ್ದವರಂತೆ ಸುತ್ತ ನೋಡಿದರು. ಬೋರಲು ಹಾಕಿ ಒಂದು ಹಳೇ ಸೀರೆಯ ಮೇಲೆ ಸುರಿದರು. ಗೊಜ್ಜಿನಂಥ ಕರಿ ಗಸಿ ಬಂತು. ಗಸಿಯಲ್ಲಿ ಕೋಲಿನ ಚೂರು, ಎರಡು ವಾಷರು, ವಿಘ್ನೇಶ್ವರರ ಅಯಸ್ಕಾಂತ. ಕೊನೆಗೆ ಕರ್ರಗೆ, ಉರುಟಾಗಿ, ಒಂದು ಉಂಗುರ!

ಉಲ್ಲಾಸ ಅತ್ತೇಬಿಟ್ಟ. ನಾಚಿಕೆ ಮಾನ ಏನೂ ನೋಡದೆ ನಡು ಅಂಗಳದಲ್ಲಿ ಕೂತು ಅತ್ತ. ರೋಹಿಣಿ ರಾತ್ರಿಯೆಲ್ಲ ಮಷಿನ್ನಿಗೆ ಬಗ್ಗಿ ಕೂತಿರುತ್ತಿದ್ದದ್ದು ಕಣ್ಣೆದುರು ಬಂದಿತ್ತು. ಗಸಿ ಅಂಟಿದ್ದ ಹಾಗೇ ಉಂಗುರವನ್ನು ಬೆರಳಿಗೆ ತುರುಕಿದ. ಅದು ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು.

"ಬಿಗಿ ಆಗ್ತದಲ್ಲ? ಇದು ಸಡಿಲ ಇತ್ತು. ದಾರನೂ ಇಲ್ಲ."

"ದಾರ ಡೀಸೆಲಿಗೆ ಕೊಳೆತು ಹೋಗ್ತು," ಎಂದರು ವಿಘ್ನೇಶ್ವರ. "ಬೆಳಗಿಂದ ಸುತ್ತಿಗೆ ಏಟು ತಿಂದು ಬೆರಳು ಊದಿದ್ದು. ಒತ್ತು, ಹೋಗ್ತು."

ಚನ್ನಬಸವ ಹಿಡಿದು ಒತ್ತಿದ. ಉಲ್ಲಾಸ ಕಿರುಚಿದ. ಉಂಗುರ ಗೆಣ್ಣು ದಾಟಿ ಕೂತಿತು.

ಗಂಟೆ ಎರಡೂವರೆ. ಇನ್ನು ಟ್ಯಾಂಕ್ ಏರಿಸಬೇಕು. ಅಂಗಳದ ಅವಸ್ಥೆ ನೋಡಿದರೆ ರೋಹಿಣಿ ಒಂದಕ್ಕೆ ಹತ್ತು ಪ್ರಶ್ನೆ ಕೇಳುತ್ತಾಳೆ. ತುಂಡಾದ ಪಟ್ಟಿಗೆ ಬದಲು ಶಾಮಿಯಾನದ ಹಗ್ಗ ಸುತ್ತಿದರು. ತಳದ ಬೋಲ್ಟು ಹನಿಯತೊಡಗಿದಾಗ ಸೀತಮ್ಮ ತಮ್ಮ ಮೈಸಾಬೂನನ್ನೇ ತಂದು ಕೊಟ್ಟರು. ಅದನ್ನು ನಾದಿ ಮೆತ್ತಿದ ಮೇಲೆ ಹನಿ ನಿಂತಿತು. ಡೀಸೆಲನ್ನು ಬಟ್ಟೆಯಲ್ಲಿ ಸೋಸಿ ತಿರುಗಿ ಹೊಯ್ದರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ಕೆಮ್ಮಿ, ಕರಿಹೊಗೆ ಉಗುಳಿ, ಸ್ಟಾರ್ಟ್ ಆಯಿತು. ಉಲ್ಲಾಸನಿಗೆ ಎಲ್ಲರ ಕಾಲಿಗೆ ಬೀಳಬೇಕೆನ್ನುವಷ್ಟು ಸಂತೋಷವಾಯಿತು.

ನಲ್ಲಿಯ ಹತ್ತಿರ ಕೂತು ಕೈ ತೊಳೆಯತೊಡಗಿದ. ಸಾಬೂನು ಹಚ್ಚಿ ತಿಕ್ಕಿದಂತೆ ಉಂಗುರದ ಕಪ್ಪು ಬಿಟ್ಟು ಬಂಗಾರ ಮೂಡಿತು. ಆಮೇಲೆ ಅಕ್ಷರ ಮೂಡಿತು. 'ರೋ' ಇರಬೇಕಾದಲ್ಲಿ 'ಪ್ರ' ಇತ್ತು. ಇನ್ನೂ ತಿಕ್ಕಿದ. ತಿಕ್ಕಬಾರದಿತ್ತು. 'ಪ್ರತಿಭಾ' ಎಂದು ಇಡೀ ಹೆಸರು ಕಂಡಿತು.

"ಎಂತ ಇದು, ಮನೆ ಮುಂದೆ ಇಷ್ಟು ಜನ?"

ರೋಹಿಣಿ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಉಲ್ಲಾಸ ಬಲಗೈಯನ್ನು ಬೆನ್ನ ಹಿಂದೆ ಮಾಡಿದ. ಅವಳು ಗಮನಿಸಲಿಲ್ಲ. ಏನೋ ಖುಷಿಯಲ್ಲಿದ್ದಳು. ಪರ್ಸಿನಿಂದ ಗುಲಾಬಿ ಕಾಗದದ ಸಣ್ಣ ಪೊಟ್ಟಣ ತೆಗೆದಳು.

"ಬಚ್ಚಲ ಗೂಡಲ್ಲಿ ಬಿಚ್ಚಿಟ್ಟು ಮರೆತಿದ್ರಿ. ದಾರ ಸುತ್ಕಂಡು ಎಷ್ಟು ದಿನ ಅಂತ ಇರ್ತೀರಿ? ಸಿರ್ಸಿಲಿ ಬಿಗಿ ಮಾಡ್ಸಿಕೊಂಡು ಬಂದೆ. ಕೈ ಕೊಡಿ."

ಪೊಟ್ಟಣದಲ್ಲಿ 'ರೋ' ಉಂಗುರ ಥಳಥಳ ಹೊಳೆಯುತ್ತಿತ್ತು. ಉಲ್ಲಾಸ ಎಡಗೈ ಚಾಚಿದ.

"ಆ ಕೈ ಅಲ್ಲ. ಬಲಗೈ."

ಓಣಿಯೆಲ್ಲ ಕತ್ತು ಚಾಚಿತು. ರೋಹಿಣಿ ಅವನ ಬಲಗೈ ಎಳೆದು ನೋಡಿದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಯಾರಿದು ಪ್ರತಿಭಾ?"

"ಗೊತ್ತಿಲ್ಲ."

"ಉಂಗುರ ಎಲ್ಲಿಂದ ಬಂತು?"

"ಡೀಸೆಲ್ ಟ್ಯಾಂಕಿನಿಂದ."

ಸತ್ಯ ಇಷ್ಟು ಹಸೀ ಸುಳ್ಳಿನಂತೆ ಕೇಳಿದ್ದು ಉಲ್ಲಾಸನ ಬದುಕಿನಲ್ಲಿ ಅದೇ ಮೊದಲು. "ತೆಗೀರಿ ಅದನ್ನ," ಎಂದಳು ರೋಹಿಣಿ. ಅವನು ಎಳೆದ, ತಿರುವಿದ, ಬಾಯಿಂದ ಕಚ್ಚಿ ಜಗ್ಗಿದ. ಉಂಗುರ ಜಪ್ಪಯ್ಯ ಎನ್ನಲಿಲ್ಲ.

ವಿಘ್ನೇಶ್ವರರಿಗೆ ಅರ್ಧ ಗಡ್ಡ ಉಳಿದದ್ದು ಆಗ ನೆನಪಾಯಿತು. "ಅಂಗಡ್ಯಾಗ ಯಾರೂ ಇಲ್ರಿ," ಎನ್ನುತ್ತ ಚನ್ನಬಸವ ಪಾನಾಗಳನ್ನು ಬಾಚಿಕೊಂಡ. ಸೀತಮ್ಮ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ.

"ಸೀತಕ್ಕ, ನೀವಾದ್ರೂ ಹೇಳಿ. ಟ್ಯಾಂಕಲ್ಲಿ ಟಣ್ ಅಂದಿದ್ದು ಕೇಳಿದ್ರಲ್ಲ?"

"ನಂಗೆಂತ ಕೇಳ್ತದೆ ಮಾರಾಯ?" ಎಂದರು ಸೀತಮ್ಮ. "ಕಿವಿ ಮಂದ ಆಗಿ ಎರಡು ವರ್ಷ ಆತು."

ಉಳಿದದ್ದು ಒಂದೇ ದಾರಿ. ಈ ಉಂಗುರ ಗಾಡಿಯ ಹಳೇ ಮಾಲೀಕರದ್ದೇ ಇರಬೇಕು! ಉಲ್ಲಾಸ ಕೆರಿಯಪ್ಪನವರಿಗೆ ಫೋನ್ ಹಚ್ಚಿ, ರೋಹಿಣಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಕೆರಿಯಪ್ಪಣ್ಣ, ಸಿದ್ದಾಪುರದ ಉಲ್ಲಾಸ. ಗಾಡಿ ಟ್ಯಾಂಕಲ್ಲಿ ಒಂದು ಚಿನ್ನದ ಉಂಗುರ ಸಿಕ್ತು. ಪ್ರತಿಭಾ ಅಂತ ಬರ್ದಿದೆ. ನಿಮ್ಮನೆಯವರದ್ದೇ ಅಲ್ವ?"

ಆ ಕಡೆ ಕೆರಿಯಪ್ಪ ಮಾತಾಡುವ ಮೊದಲೇ ಹಿಂದಿನಿಂದ ಒಂದು ಗಡಸು ಹೆಣ್ಣುದನಿ ಕೇಳಿತು. "ಎಂತ ಉಂಗುರ? ಯಾವ ಪ್ರತಿಭಾ?"

"ಯಾರೋ ಏನೋ ತಿಮ್ಮಿ, ನಂಗೊತ್ತಿಲ್ಲ," ಎಂದರು ಕೆರಿಯಪ್ಪ. ಕೂಡಲೇ ಫೋನಿಗೆ ಬಾಯಿ ಹಚ್ಚಿ ಜೋರಾಗಿ ಕೂಗಿದರು. "ನಾ ಯಾವ ಗಾಡಿನೂ ಮಾರಿದವನಲ್ಲ ತಮ್ಮ. ರಾಂಗ್ ನಂಬರು!"

ಫೋನ್ ಕಟ್ಟಾಯಿತು. ಉಲ್ಲಾಸ ಆಸೆಯಿಂದ ಹೆಂಡತಿಯ ಮುಖ ನೋಡಿದ. "ನೋಡಿದ್ಯ? ಹೆಂಡತಿಗೆ ಹೆದರಿ ಸುಳ್ಳು ಹೇಳ್ತಾ ಇದ್ದಾರೆ!"

"ಗೊತ್ತಾತು," ಎಂದಳು ರೋಹಿಣಿ. "ಅವರೂ ಗೊತ್ತಿಲ್ಲ ಅಂದ್ರು, ನೀವೂ ಗೊತ್ತಿಲ್ಲ ಅಂದ್ರಿ. ಇಬ್ಬರದ್ದೂ ದನಿ ಒಂದೇ ತರ ಇತ್ತು." ಉಂಗುರವಿದ್ದ ಗುಲಾಬಿ ಕಾಗದವನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. "ಆ ಬೆರಳು ಖಾಲಿ ಆದ್ಮೇಲೆ ಹೇಳಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಓಣಿಗೆಲ್ಲ ಕೇಳಿತು.

ಉಲ್ಲಾಸ ನಲ್ಲಿಯ ಹತ್ತಿರ ಕುಸಿದು ಕೂತ. ಸೀತಮ್ಮ ಸ್ಟೂಲನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡು, ಅತ್ತ ಇತ್ತ ನೋಡಿ, ಪಿಸುದನಿಯಲ್ಲಿ ಕೇಳಿದರು.

"ನಂಗೊಬ್ಬಳಿಗೆ ಹೇಳು ಉಲ್ಲಾಸ. ಯಾರವಳು?"