ಮೊದಲು ಹೊಡೆದು ಆಮೇಲೆ ಓದಿದ ಚೀಟಿ

ಇವತ್ತು ಬೆಳಗಿನ ಕೆಲಸಗಳು ಇಷ್ಟು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಿಸಿದೆ, ನಿನ್ನೆ ಏಕಾದಶಿಯ ಉಪವಾಸವಿದ್ದ ಅತ್ತೆಯ ಪಾರಣೆಗೆಂದು ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಮಾಡಿದೆ, ದಾಸವಾಳಕ್ಕೂ ನಿಂಬೆಗಿಡಕ್ಕೂ ಔಷಧಿ ಹೊಡೆದು ಮತ್ತೊಮ್ಮೆ ಸ್ನಾನ ಮಾಡಿದೆ, ಅತ್ತೆಯನ್ನು ಕೊಂದೆನೆಂದು ಮುಕ್ಕಾಲು ಗಂಟೆ ನಂಬಿದೆ.

ನನ್ನದೊಂದು ಕೆಟ್ಟ ಅಭ್ಯಾಸ. ಮಿಕ್ಸಿಯಾಗಲಿ, ಮಾತ್ರೆಯಾಗಲಿ, ಬಳಸಿದ ಮೇಲೆಯೇ ಅದರ ಚೀಟಿ ಓದುವುದು. ದಾಸವಾಳದ ಕುಡಿಗಳಿಗೆ ಹತ್ತಿ ಮೆತ್ತಿದಂತೆ ಬಿಳಿಹುಳ ಹತ್ತಿ ತಿಂಗಳಾಗಿತ್ತು. ಇಲ್ಲೇ ಚೆನ್ನೈಯ ಪುರಸೈವಾಕ್ಕಂನ ಅಂಗಡಿಯವನು ಔಷಧಿಯ ಸೀಸೆ ಕೊಡುವಾಗ, "ಕೈಗೆ ಗ್ಲೌಸ್ ಹಾಕಿಕೊಳ್ಳಿ ಮಾಮಿ, ಗಾಳಿ ಇದ್ದರೆ ಬೇಡ" ಎಂದು ತಮಿಳಿನಲ್ಲಿ ಎರಡು ಸಲ ಹೇಳಿದ್ದ. ಗ್ಲೌಸ್ ಹಾಕಿದ್ದೆ. ಗಾಳಿಯ ಮಾತು ಮರೆತಿದ್ದೆ.

ಸ್ನಾನ ಮುಗಿಸಿ ಕನ್ನಡಕ ಏರಿಸಿ ಚೀಟಿ ಬಿಡಿಸಿದೆ. ಹಳದಿ ತ್ರಿಕೋನ, ಅದರ ಮೇಲೆ 'ವಿಷ'. ತಿನ್ನುವ ಸೊಪ್ಪಿನ ಮೇಲೆ ಹನಿ ಬೀಳಬಾರದು. ಹೊಡೆದ ಗಿಡದ ಹಣ್ಣನ್ನು ಹೇಳಿದಷ್ಟು ದಿನ ಕೀಳಬಾರದು. ನಿಂಬೆಕಾಯಿ ಕಾದೀತು. ಆದರೆ ದಾಸವಾಳದಿಂದ ಎರಡೇ ಹೆಜ್ಜೆಗೆ ತುಳಸಿಕಟ್ಟೆ! ಓಡಿಹೋಗಿ ನೋಡಿದರೆ ಎಲೆಎಲೆಯ ಮೇಲೂ ಹನಿ ಹೊಳೆಯುತ್ತಿದೆ. ಒಳಗೆ ಅತ್ತೆ ತುಳಸಿ ಹಾಕಿದ ತೀರ್ಥವನ್ನು ಮೂರು ಸಲ ತೆಗೆದುಕೊಂಡು, ಎಲೆಯನ್ನೂ ನುಂಗಿ, ಕಣ್ಣು ಮುಚ್ಚಿ ಜಪಕ್ಕೆ ಕೂತಾಗಿದೆ. ಪಾರಣೆಯಾಗುವವರೆಗೆ ಅವರದು ಮೌನ.

"ಅತ್ತೆ, ಹೊಟ್ಟೆ ಹೇಗಿದೆ?" ಎಂದೆ. ದೂರ ಹೋಗು ಎಂದು ಕೈ ಬೀಸಿದರು. ಆ ಕೈ ನಡುಗಿತೇ? ಹಣೆಯಲ್ಲಿ ಬೆವರಿತ್ತು, ಚೆನ್ನೈಯಲ್ಲಿ ಯಾರ ಹಣೆಯಲ್ಲಿಲ್ಲ? ನನ್ನ ಗಾಬರಿ ಕೇಳಿ ಎದ್ದ ಮಗಳು ಕೋಣೆಯಿಂದಲೇ ಡಾಕ್ಟರಿಗೆ ಫೋನು ಹಚ್ಚಿ ಅಲ್ಲಿಂದಲೇ ಕೂಗಿದಳು: "ಅಮ್ಮಾ, ವಾಂತಿ ಇರುಕ್ಕಾ? ಕಣ್ಣಿನ ಪಾಪೆ ಚಿಕ್ಕದಾಗಿದೆಯಾ ಅಂತ ನೋಡಬೇಕಂತೆ!" ಅತ್ತೆಯ ರೆಪ್ಪೆ ಎತ್ತಿ ಟಾರ್ಚು ಬಿಟ್ಟೆ. ಪಾಪೆ ಸಾಸಿವೆಯಷ್ಟಾಯಿತು. ಟಾರ್ಚು ಬಿಟ್ಟರೆ ಯಾರದಾದರೂ ಹಾಗಾಗುತ್ತದೆಂದು ಹೊಳೆಯಲಿಲ್ಲ. "ಸೀಸೆ ಸಮೇತ ಕರಕೊಂಡು ಬರಬೇಕಂತೆ, ಆಟೋ ಕರೀತೀನಿ!" ಎಂದಳು ಮಗಳು. ನಾನು ಅಳುತ್ತಾ ಅತ್ತೆಯ ರಟ್ಟೆ ಹಿಡಿದು ಎಳೆದೆ.

ಇಪ್ಪತ್ತು ವರ್ಷದಿಂದ ಪ್ರತಿ ದ್ವಾದಶಿಯ ಬೆಳಗ್ಗೆ ಅತ್ತೆ ಪಾಲಿಸಿದ್ದ ಮೌನ ಮುರಿಯಿತು. "ಎಂತದು ಮಾರಾಯ್ತಿ? ಮರ್ಲಾ ನಿಂಗೆ, ತಲೆ ಕೆಟ್ಟಿತಾ?"

"ತುಳಸಿ... ವಿಷ ಬಿದ್ದಿದೆ ಅತ್ತೆ... ನೀವು ನುಂಗಿದಿರಿ..."

"ದ್ವಾದಶಿ ದಿನ ತುಳಸಿ ಕೊಯ್ತಾರಾ ಯಾರಾದ್ರೂ? ಮೊನ್ನೆಯೇ ಕೊಯ್ದು ಬಟ್ಟೆಯಲ್ಲಿ ಸುತ್ತಿಟ್ಟದ್ದು ಅದು. ದ್ವಾದಶಿಯ ಅಡಿಗೆ ಮಾಡಿದವಳು ನೀನೇ ಅಲ್ವಾ?"

ನಾನೇ. ಆದರೆ ಭಯಕ್ಕೆ ಪಂಚಾಂಗ ಓದಲು ಬರುವುದಿಲ್ಲ. ಮಗಳು ಡಾಕ್ಟರಿಗೆ ವಿಷಯ ತಿಳಿಸಿದಳು. ಆ ತುಳಸಿಯನ್ನು ಯಾರೂ ಮುಟ್ಟಬಾರದು, ಬೇರೆ ಸಸಿ ತರುವುದೆಂದು ತೀರ್ಮಾನವಾಯಿತು. ಅತ್ತೆ ನನ್ನನ್ನೇ ದಿಟ್ಟಿಸಿದರು. "ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿದ್ಯಾ?"

ಕಟ್ಟಿರಲಿಲ್ಲ.

ಮೂವರೂ ಅಗಸೆಸೊಪ್ಪಿನ ಪಲ್ಯ, ತಂಬುಳಿ ಕಲಸಿ ಅನ್ನ ಉಂಡೆವು. ಅತ್ತೆ ಎರಡು ಸಲ ಬಡಿಸಿಕೊಂಡರು. ತುಳಸಿ ಮೊನ್ನೆಯದೆಂದು ತಿಳಿದರೂ ನನ್ನ ಅನುಮಾನ ಪೂರ್ತಿ ಬಿಡಲಿಲ್ಲ. ಊಟದ ನಂತರ ಅವರು ಮಲಗಿದರೆ ಉಸಿರು ಎಣಿಸುತ್ತಾ ಪಕ್ಕದಲ್ಲೇ ಕೂರುವುದೆಂದು ನಿಶ್ಚಯಿಸಿದೆ. ಮೊದಲು ನಿದ್ದೆ ಹೋದವಳು ನಾನು. ಎಚ್ಚರವಾದಾಗ ಅತ್ತೆ ನನ್ನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಮಗಳಿಗೆ ಹೇಳುತ್ತಿದ್ದರು: "ಉಂಟು, ಉಂಟು. ಗೊರಕೆಯೂ ಉಂಟು."