ಲಾರಿಯ ಜಂಗು, ನನ್ನ ಹೊಟ್ಟೆಕಿಚ್ಚು

ಗಂಡನಿಗೆ ಇನ್ನೊಬ್ಬಳಿದ್ದಾಳೆ ಎಂದು ಗೊತ್ತಿರುವ ಹೆಂಗಸಿಗೆ ಏನೇನು ಆಗುತ್ತದೋ ಅದೆಲ್ಲ ನನಗೆ ಇಪ್ಪತ್ತೆರಡು ವರ್ಷದಿಂದ ಆಗುತ್ತಲೇ ಬಂದಿದೆ. ಆ ಇನ್ನೊಬ್ಬಳಿಗೆ ಆರು ಗಾಲಿ, ಅಷ್ಟೇ ವ್ಯತ್ಯಾಸ. ನಮ್ಮವರು ತೀರಿಕೊಂಡು ಒಂದು ವರ್ಷವಾಯಿತು. ಇನ್ನಾದರೂ ಇದು ನಿಂತೀತು ಎಂದುಕೊಂಡಿದ್ದೆ. ನಿಲ್ಲಲಿಲ್ಲ.

ಅವರ ಹಳೆಯ ಲಾರಿ ಬೆಟಗೇರಿಯಲ್ಲಿ ನಮ್ಮ ಮನೆಯೆದುರಿನ ಬಯಲಿನಲ್ಲಿ ನಿಂತೇ ಇತ್ತು. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ತುಕ್ಕು, ನಮ್ಮ ಕಡೆಯ ಮಾತಿನಲ್ಲಿ ಜಂಗು, ತಿಂದಿದೆ ಎಂದು ಡ್ರೈವರ್ ಬಂದು ಹೇಳಿದ. ಹೀಗೇ ಬಿಟ್ಟರೆ ಆರ್‌ಟಿಒದಲ್ಲಿ ಪಾಸಿಂಗ್ ಆಗುವುದಿಲ್ಲ, ಗುಜರಿಗೆ ಹಾಕಬೇಕು. ಗುಜರಿ ಎಂಬ ಮಾತು ಕೇಳಿ ನನಗೆ ಸಂತೋಷವಾಯಿತು. ಗಣಿತ ಕಲಿಸುವವಳು, ಸಂತೋಷವಾಗಲಿಲ್ಲ ಎಂದು ತಪ್ಪು ಲೆಕ್ಕ ಬರೆಯಲಾರೆ.

ಡ್ರೈವರ್ ಇಪ್ಪತ್ತು ವರ್ಷ ನಮ್ಮವರ ಜೊತೆ ಸರದಿಯ ಮೇಲೆ ಅದೇ ಲಾರಿ ಓಡಿಸಿದವನು. "ಅಕ್ಕೋರ, ಗಾಡಿ ಹೋದ್ರ ನಾ ಎಲ್ಲಿ ಹೋಗ್ಲಿರಿ?" ಎಂದ. ವೆಲ್ಡಿಂಗ್ ಮೇಸ್ತ್ರಿ ನೋಡಿ ಏನು ಹೇಳುತ್ತಾರೋ ಹಾಗೆ ಮಾಡೋಣ ಎಂದು ಇಬ್ಬರೂ ಒಪ್ಪಿದೆವು.

೧. ಪರೀಕ್ಷೆ

ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಮಲಗಿ, ಚಾಸಿಯನ್ನು ಸುತ್ತಿಗೆಯಿಂದ ಗೇಣು ಗೇಣಿಗೂ ಬಾರಿಸುತ್ತ ಹೋದರು. ಟಣ್ ಎಂದರೆ ಗಟ್ಟಿ, ದಪ್ ಎಂದರೆ ಜಂಗು. ಚಾಸಿಯ ಹೊರಮೈ ಮೇಲೆ ಗುರುತು ಹಾಕುವ ಕೆಲಸ ನನ್ನದು. ನನ್ನ ಪರ್ಸಿನಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಟಣ್‌ಗೆ ರೈಟು, ದಪ್‌ಗೆ ತಪ್ಪು.

ಅರ್ಧ ಮುಗಿದ ಮೇಲೆ ಮೇಸ್ತ್ರಿ ಹೊರಗೆ ಬಂದು ನೋಡಿದರು. "ಅಕ್ಕೋರ, ಇದಕ್ಯಾಕ ತಪ್ಪು ಹಾಕೀರಿ? ಟಣ್ ಅಂತಲ್ರಿ?"

"ನನಗೆ ದಪ್ ಅಂತ ಕೇಳಸ್ತು."

"ಇದು?"

"ಅದೂ."

ಮತ್ತೆ ಬಾರಿಸಿದರು. ಎರಡೂ ಶಾಲೆಯ ಗಂಟೆಯಂತೆ ಟಣ್ ಎಂದವು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಯಾವ ಹುಡುಗನಿಗೂ ಬೇಕೆಂದು ಒಂದು ಅಂಕ ಕಡಿಮೆ ಕೊಟ್ಟವಳಲ್ಲ ನಾನು. ಸೆರಗಿನಿಂದ ಒರೆಸಿ ತಿದ್ದಿದೆ. ಕೊನೆಗೆ ನೂರಕ್ಕೆ ಎಂಬತ್ತೊಂದು ಬಂತು.

"ಹಂಗಾರ ಪಾಸ್ ಅಲ್ರಿ!" ಎಂದ ಡ್ರೈವರ್.

"ಏ ಮಾರಾಯ, ಇದೇನ್ ಅಕ್ಕೋರ ಸಾಲಿ ಏನು?" ಎಂದರು ಮೇಸ್ತ್ರಿ. "ಹತ್ತು ಟನ್ ಉಳ್ಳಾಗಡ್ಡಿ ಹೇರಿದ ಮ್ಯಾಲೆ ತೊಂಬತ್ತೊಂಬತ್ತು ಬಂದ್ರೂ ಫೇಲ." ನನ್ನ ಮುಖ ಅರಳಿದ್ದು ಅವರಿಗೆ ಕಾಣಲಿಲ್ಲ. ಸಮಾಧಾನ ಮಾಡುವವರಂತೆ ನನ್ನ ಕಡೆ ತಿರುಗಿ, "ಕಾಳಜಿ ಮಾಡಬ್ಯಾಡ್ರಿ ಅಕ್ಕೋರ. ಒಂದು ತಿಂಗಳು ನನ್ನ ಕಡೆ ಟ್ಯೂಷನ್ ಬಿಡ್ರಿ, ಪಾಸ್ ಮಾಡಿಸಿ ಕಳಸ್ತೀನಿ" ಎಂದರು.

೨. ಪೂಜೆಯ ಜಂಗು

ಗೊಬ್ಬರದ ಚೀಲ ಹೇರುವ ಗಾಡಿಗೆ ಹಿಂಭಾಗದಲ್ಲಿ ಜಂಗು ಹಿಡಿಯುತ್ತದಂತೆ. ನಮ್ಮ ಲಾರಿಯಲ್ಲಿ ಮುಂಭಾಗವೇ ಹೆಚ್ಚು ಹಾಳಾಗಿತ್ತು. ಮೇಸ್ತ್ರಿ ಬೆರಳಿನಿಂದ ಒತ್ತಿದರು. ಬೆರಳು ಆ ಕಡೆ ಹೊರಬಂತು.

"ಇಲ್ಲಿ ಏನ್ ಸುರೀತಿದ್ರಿ?" ಎಂದು ಕೇಳಿದರು.

ಡ್ರೈವರ್ ನನ್ನ ಮುಖ ನೋಡಲಿಲ್ಲ. "ಅಮಾಸಿ ಪೂಜಿರಿ. ಎಲ್ಲಾ ಗಾಡಿಯವ್ರು ಒಂದು ಕಾಯಿ ಒಡದ್ರ ಸಾವ್ಕಾರ್ರು ಐದು ಒಡೀತಿದ್ರು. ನೀರು ನೆಲಕ್ಕ ಬೀಳಬಾರ್ದಂತ ಚಾಸಿ ಮ್ಯಾಲೆ ಸುರಿಯೋರು. ದೃಷ್ಟಿ ಆಗಬಾರ್ದಂತ ಅದರ ಮ್ಯಾಲೆ ಲಿಂಬಿಹಣ್ಣು ಹಿಂಡೋರು."

ವರ್ಷಕ್ಕೆ ಹನ್ನೆರಡು ಅಮಾವಾಸ್ಯೆ, ಅವನ ಸಾವ್ಕಾರ್ರಾದ ನಮ್ಮವರು ಪೂಜೆ ಮಾಡಿದ್ದು ಇಪ್ಪತ್ತೊಂದು ವರ್ಷ. ಮನಸ್ಸಿನಲ್ಲೇ ಗುಣಿಸಿದೆ. ಸಾವಿರದ ಇನ್ನೂರ ಅರವತ್ತು ತೆಂಗಿನಕಾಯಿ. ಮನೆಯಲ್ಲಿ ಚಟ್ನಿಗೆ ಒಂದು ಕಾಯಿ ತನ್ನಿರೆಂದರೆ, "ಶೇಂಗಾ ಚಟ್ನಿ ಮಾಡು, ಮೈಗೆ ಚಲೋ" ಎನ್ನುತ್ತಿದ್ದರು.

"ದೃಷ್ಟಿ ತಗದು ತಗದು ಕಬ್ಬಿಣಾನೂ ತಗದಾರ ನೋಡ್ರಿ" ಎಂದರು ಮೇಸ್ತ್ರಿ.

ನಾನು ಮೇಸ್ತ್ರಿಯ ಅಂಗಳದ ಹೊರಗೆ ಹೋಗಿ ನನ್ನ ಸ್ಕೂಟರನ್ನು ಬಗ್ಗಿ ನೋಡಿದೆ. ಹದಿನಾಲ್ಕು ವರ್ಷದಲ್ಲಿ ನಮ್ಮವರು ಅದಕ್ಕೆ ಅರ್ಧ ಲಿಂಬೆಹಣ್ಣನ್ನೂ ಹಿಂಡಿರಲಿಲ್ಲ. ಎಲ್ಲಿಯೂ ಒಂದು ಚುಕ್ಕೆ ಜಂಗಿರಲಿಲ್ಲ.

೩. ಛತ್ರಿ

ಕೊಳೆತ ಭಾಗ ಕತ್ತರಿಸುವಾಗ ಒಳಗೆ ಹಳೆಯ ತೇಪೆಯೊಂದು ಸಿಕ್ಕಿತು. ಮೇಸ್ತ್ರಿ ಗುರುತು ಹಿಡಿದು ನಕ್ಕರು.

"ಇದು ನಾನ ಹಚ್ಚಿದ್ದು. ಹನ್ನೊಂದು ವರ್ಷ ಆತು. ಶಿರಹಟ್ಟಿ ದಾರ್ಯಾಗ ಚಾಸಿ ಸೀಳಿ ನಿಂತಿತ್ತು. ಮಷಿನ್ ಅಲ್ಲಿಗೇ ಒಯ್ದಿದ್ದೆ. ವೆಲ್ಡಿಂಗ್ ಚಾಲೂ ಮಾಡೂದ್ರಾಗ ಮಳಿ ಬಂತು. ಸಾವ್ಕಾರ್ರು ಎರಡು ತಾಸು ಛತ್ರಿ ಹಿಡಕೊಂಡು ನಿಂತಿದ್ರು."

"ನಿಮಗಾ?"

"ಏ, ನನಗೆಲ್ಲೀದ್ರಿ! ಚಾಸಿಗೆ. ನಾ ತೋಯ್ಕೊಂತ ಇದ್ದೆ."

ಎಂಥ ಛತ್ರಿ ಎಂದು ಕೇಳಿದೆ.

"ನೀಲಿದು. ಅಂಚಿಗೆ ಬಿಳಿ ದಾರದಾಗ ಒಂದು ಅಕ್ಷರ ಹೊಲದಿತ್ತು. ಕಿಡಿ ಸಿಡದು ತೂತಾತು, ಅಲ್ಲೇ ದಾರಿ ಬದಿಗೆ ಒಗದು ಬಂದ್ರು."

ಆ ಅಕ್ಷರ ಹೊಲಿದವಳು ನಾನು. ಆ ಛತ್ರಿ ಸ್ಟಾಫ್ ರೂಮಿನಲ್ಲಿ ಕಳುವಾಯಿತೆಂದು ತಿಳಿದು ಹನ್ನೊಂದು ವರ್ಷ ಒಬ್ಬ ಸಹೋದ್ಯೋಗಿಯ ಮೇಲೆ ಸಂಶಯಪಟ್ಟಿದ್ದೆ. ಬಾಯಿಬಿಟ್ಟು ಏನೂ ಅಂದಿರಲಿಲ್ಲ. ನನ್ನ ಕುರ್ಚಿಯನ್ನು ಮಾತ್ರ ಅವರಿಂದ ದೂರ ಹಾಕಿಕೊಂಡಿದ್ದೆ.

ಮರುದಿನ ಪ್ರಾಯಶ್ಚಿತ್ತವೆಂದು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕುಳಿತು ನಕ್ಕೆ. ಅವರೂ ನಕ್ಕರು. ನಗುತ್ತಲೇ ತಮ್ಮ ಪರ್ಸನ್ನು ಎತ್ತಿ ಆ ಕಡೆಗೆ ಇಟ್ಟುಕೊಂಡರು.

೪. ಮುಂಡರಗಿಯ ವ್ಯಾಪಾರಿ

ಹೊಸ ಕಬ್ಬಿಣ ಕೂತಿತು, ಕಪ್ಪು ಬಣ್ಣ ಬಂತು, ಪಾಸಿಂಗೂ ಆಯಿತು. ಇನ್ನು ಮಾರಿಬಿಡುವುದೆಂದು ನಿರ್ಧರಿಸಿದೆ. ಕೊಳ್ಳುವವರು ಡ್ರೈವರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬೇಕು, ಅದೊಂದೇ ನನ್ನ ಷರತ್ತು. ಮುಂಡರಗಿಯ ವ್ಯಾಪಾರಿಯೊಬ್ಬರು ಒಪ್ಪಿ ಮೇಸ್ತ್ರಿಯ ಅಂಗಳಕ್ಕೆ ಬಂದರು.

ಕನ್ಯೆ ನೋಡಲು ಬಂದವರಂತೆ ಸುತ್ತಲೂ ನೋಡಿದರು, ಬಾಗಿಲು ತೆಗೆದು ಹಾಕಿದರು, ನಮ್ಮವರ ಸೀಟಿನಲ್ಲಿ ಏರಿ ಕುಳಿತರು. "ಈ ಸೀಟ್ ತಗದು ಒಗೀಬೇಕು" ಎಂದರು. ಹಾರ್ನ್ ಒತ್ತಿದರು. ಆಮೇಲೆ ಸ್ಟೇರಿಂಗ್ ಮೇಲೆ ಮೆಲ್ಲಗೆ ಕೈಯಾಡಿಸಿ, "ಚಲೋ ಐತಿ. ಇನ್ನ ನೀ ನನ್ನಾಕಿ" ಎಂದರು.

"ಇಳೀರಿ ಕೆಳಗ!"

ಹತ್ತನೆಯ ತರಗತಿಯ ಹಿಂದಿನ ಬೆಂಚಿಗೆ ಮಾತ್ರ ಬಳಸುವ ದನಿ ಅದು, ತಾನಾಗಿ ಬಂತು. ವ್ಯಾಪಾರಿ ಜಿಗಿದು ಇಳಿದರು. ಮೇಸ್ತ್ರಿ ಕೈಯಲ್ಲಿದ್ದ ಬೀಡಿ ಎಸೆದರು. ಡ್ರೈವರ್ ಬಂದು ಅವರ ಪಕ್ಕ ನಿಂತ. ಮೂವರು ಗಂಡಸರು ಸಾಲಾಗಿ ಕೈಕಟ್ಟಿ ನಿಂತಿದ್ದರು.

"ಮಾರೂದಿಲ್ಲಂತ ಮೊದಲ ಹೇಳಬಾರದೇನ್ರಿ ಅಕ್ಕೋರ? ಮುಂಡರಗಿಯಿಂದ ಬಂದೀನಿ" ಎಂದರು ವ್ಯಾಪಾರಿ.

"ನನಗೂ ಈಗ ಗೊತ್ತಾತ್ರಿ" ಎಂದೆ.

೫. ಮೆಟ್ಟಿಲು

ಮೊದಲ ಬಾಡಿಗೆ ಲಕ್ಷ್ಮೇಶ್ವರದಿಂದ ಶೇಂಗಾ ತರುವುದು. ರವಿವಾರ, ಶಾಲೆಗೆ ರಜೆ. ನಾನೂ ಬರುತ್ತೇನೆ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಲಾರಿ ಹತ್ತಿದವಳಲ್ಲ. "ಕುಲುಕಾಟಕ್ಕ ನಿನ್ನ ನಡ ಹಿಡೀತೈತಿ, ಬ್ಯಾಡ" ಎನ್ನುತ್ತಿದ್ದರು ನಮ್ಮವರು.

ಹತ್ತಲು ಹೋದರೆ ಮೆಟ್ಟಿಲೇ ಇಲ್ಲ. ಅದು ಯಾವಾಗಲೋ ಜಂಗು ತಿಂದು ಉದುರಿತ್ತು. ಗಂಡಸರು ಗಾಲಿಯ ಮೇಲೆ ಕಾಲಿಟ್ಟು ಹತ್ತುತ್ತಿದ್ದರು. ಸೀರೆ ಉಟ್ಟ ಐವತ್ತೆರಡರ ಶಿಕ್ಷಕಿಯನ್ನು ಎಲ್ಲಿ ಹಿಡಿದು ಮೇಲೇರಿಸುವುದೆಂದು ಮೇಸ್ತ್ರಿಯೂ ಡ್ರೈವರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಮೇಸ್ತ್ರಿ, "ನಿಂದರ್ರಿ, ಮೆಟ್ಟಲಾನ ಹಚ್ಚಿಬಿಡ್ತೀನಿ" ಎಂದು ಕೆಲಸಕ್ಕೆ ಕೂತರು.

"ಈ ಮೆಟ್ಟಲಾ ಹಚ್ಚಸ್ರಿ, ಅಕ್ಕೋರನೂ ಒಮ್ಮೆ ಕರಕೊಂಡು ಹೋಗೂಣು ಅಂತ ಸಾವ್ಕಾರ್ರಿಗೆ ಎಷ್ಟ್ ಸಲ ಹೇಳೀನ್ರಿ" ಎಂದ ಡ್ರೈವರ್. "ಅವ್ರು ಕೇಳಲಿಲ್ಲ. 'ಬ್ಯಾಡೋ, ಅಕಿ ಹತ್ತಿದ್ರ ಗಾಡಿಗೆ ಹೊಟ್ಟಿಕಿಚ್ಚಾಗತೈತಿ. ನಾ ಅಕಿನ್ನ ಎಷ್ಟು ಹಚ್ಚಿಕೊಂಡೀನಿ ಅನ್ನೂದು ಇದಕ್ಕ ಗೊತ್ತೈತಿ. ನಡುದಾರ್ಯಾಗ ನಿಂತಬಿಡತೈತಿ' ಅಂತಿದ್ರು."

"ಇನ್ನೊಮ್ಮೆ ಹೇಳು" ಎಂದೆ. ಇನ್ನೊಮ್ಮೆ ಹೇಳಿದ. ಆ ಹೊತ್ತಿನಲ್ಲಿ ಮೆಟ್ಟಿಲು ಸಿದ್ಧವಾಯಿತು.

ಹತ್ತಿ ಕುಳಿತೆ. ಡ್ರೈವರ್ ಚಾವಿ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ಇಲ್ಲ.

"ನೋಡ್ರಿ, ಸಾವ್ಕಾರ್ರು ಹೇಳಿದ್ದು ಖರೆ ಆತು!" ಅವನ ಮುಖ ಬಿಳುಚಿಕೊಂಡಿತ್ತು. "ಅಕ್ಕೋರ, ಸ್ವಲ್ಪ ಕೆಳಗ ಇಳೀತೀರೇನು?"

"ಇಳಿಯೂದಿಲ್ಲ" ಎಂದೆ.

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದರು. ವೆಲ್ಡಿಂಗಿಗೆಂದು ಬ್ಯಾಟರಿಯ ವಾಯರ್ ಬಿಚ್ಚಿದ್ದರಂತೆ, ಜೋಡಿಸುವುದನ್ನು ಮರೆತಿದ್ದರಂತೆ. ಜೋಡಿಸಿ, "ಹೂಂ, ಈಗ ಹೊಡಿ!" ಎಂದು ಕೂಗಿದರು.

ಡ್ರೈವರ್ ವಾಯರಿನ ಮಾತು ನಂಬಲಿಲ್ಲ. ಚಪ್ಪಲಿ ಬಿಟ್ಟ, ಸ್ಟೇರಿಂಗಿಗೆ ಎರಡೂ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಹೊಸ ಸೊಸೆಗೆ ಬುದ್ಧಿ ಹೇಳುವ ಹಿರಿಯರ ದನಿಯಲ್ಲಿ ಗಾಡಿಗೆ ಹೇಳಿದ: "ಅವ್ವಾ, ಆಗಿದ್ದು ಆಗಿಹೋತು. ಇನ್ನ ಮ್ಯಾಲೆ ಇಬ್ಬರೂ ಹೊಂದ್ಕೊಂಡು ಹೋಗಬೇಕವಾ."

"ಆತು" ಎಂದೆ.

ಗಾಡಿ ಚಾಲೂ ಆಯಿತು.